ರಿಪೋರ್ಟ್ ನಾರ್ಮಲ್, ಆದರೆ 'ಡೆನ್ಸಿಟಿ ಸಿ' ಅಂತ ಬರೆದಿದ್ದಾರೆ. ಈಗ ಅಲ್ಟ್ರಾಸೌಂಡ್ ಮಾಡಿಸಬೇಕಾ, ಎಂಆರ್‌ಐ ಮಾಡಿಸಬೇಕಾ?

ಮುಂಜಾವು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಕಳೆದ ವಾರ ಮೊದಲ ಸಲ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡೆ. ಗಂಟು, ನೋವು, ಸೋರುವುದು ಏನೂ ಇಲ್ಲ. ನಲವತ್ತು ದಾಟಿತಲ್ಲ, ಒಂದು ಸಲ ನೋಡಿಸಿಬಿಡೋಣ ಅಂತ ಹೋಗಿದ್ದೆ.

ರಿಪೋರ್ಟ್ ಕೈಗೆ ಬಂದಾಗ ಮೆಟ್ಟಿಲ ಮೇಲೆ ನಿಂತೇ ಓದಿದೆ. ಕೊನೆಯ ಸಾಲಿನಲ್ಲಿ 'ಬೈರ್‍ಯಾಡ್ಸ್ 1' ಅಂತ ಇತ್ತು. ಅದು ಚಿತ್ರದಲ್ಲಿ ಎಷ್ಟು ಅನುಮಾನ ಇದೆ ಅಂತ ಹೇಳುವ ಅಂಕಿ, 1 ಅಂದರೆ ಏನೂ ಇಲ್ಲ ಅಂತ ಕೌಂಟರಿನಲ್ಲಿದ್ದವರು ಹೇಳಿದರು. ಸಮಾಧಾನ ಆಯಿತು. ಮನೆಗೆ ಬಂದು ಮತ್ತೆ ಓದಿದೆ. ಮಧ್ಯದಲ್ಲಿ ಇನ್ನೊಂದು ಸಾಲು: ಸ್ತನದ ಅಂಗಾಂಶ ದಟ್ಟವಾಗಿದೆ, ಡೆನ್ಸಿಟಿ ಸಿ, ಸಣ್ಣ ಗಡ್ಡೆಗಳು ಮರೆಯಾಗಿರಬಹುದು. ಆ 'ಮರೆಯಾಗಿರಬಹುದು' ಅನ್ನುವ ಪದ ಓದಿದಾಗಿನಿಂದ ನಿದ್ದೆ ಇಲ್ಲ. ಹಾಗಾದರೆ ಏನೂ ಇಲ್ಲ ಅಂತ ಬರೆದದ್ದು ಯಾವ ಧೈರ್ಯದ ಮೇಲೆ?

ಅಮ್ಮನ ಅಕ್ಕನಿಗೆ, ನನ್ನ ದೊಡ್ಡಮ್ಮನಿಗೆ, 63ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು. ಈಗ ಚೆನ್ನಾಗಿದ್ದಾರೆ. ಅಮ್ಮನಿಗೆ ಏನೂ ಇಲ್ಲ.

ಜೊತೆಯಲ್ಲಿ ಕೆಲಸ ಮಾಡುವವರು ನೇರ ಎಂಆರ್‌ಐ ಮಾಡಿಸು, ಅದರಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲ್ಲ ಅನ್ನುತ್ತಾರೆ. ತಂಗಿ ಹೇಳುತ್ತಾಳೆ, ಎಕ್ಸ್‌ರೇ ಬೇಡವೇ ಬೇಡ, ಇನ್ನು ಮುಂದೆ ಬರೀ ಅಲ್ಟ್ರಾಸೌಂಡ್ ಮಾಡಿಸಿಕೋ ಅಂತ. ಇನ್ನೊಬ್ಬರು ಶಾಖ ಅಳೆಯುವ ಕ್ಯಾಮೆರಾ ಇದೆಯಂತೆ, ಮುಟ್ಟುವುದೂ ಇಲ್ಲ, ಒತ್ತುವುದೂ ಇಲ್ಲ ಅಂದರು. ಮೂರು ಜನ, ಮೂರು ದಾರಿ. ತಿಳಿದವರು ಯಾರಾದರೂ ಬಿಡಿಸಿ ಹೇಳುತ್ತೀರಾ?


ಕತ್ತಲಕೋಣೆ

ಮುಂಜಾವು ಮೇಡಂ, ನಾನು ಡಾಕ್ಟರ್ ಅಲ್ಲ. ಮ್ಯಾಮೊಗ್ರಾಂ ತೆಗೆಯುವ ಟೆಕ್ನಿಷಿಯನ್, 19 ವರ್ಷದಿಂದ ಇದೇ ಕೆಲಸ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್. ಆದರೆ ಚಿತ್ರ ಮೊದಲು ಬೀಳುವುದು ನನ್ನ ಕಣ್ಣಿಗೆ. ಅದಕ್ಕೇ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ 'ದಟ್ಟ' ಅನ್ನುವ ಪದ. ಅದು ರೋಗದ ಹೆಸರಲ್ಲ. ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿ ಮತ್ತು ನಾರು ಇರುತ್ತದೆ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಮತ್ತು ನಾರು ಬೆಳ್ಳಗೆ. ಯಾವುದು ಎಷ್ಟಿದೆ ಅಂತ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪು ಮಾಡುತ್ತಾರೆ. ಎ ಅಂದರೆ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. ಡಿ ಅಂದರೆ ಪೂರ್ತಿ ಬಿಳಿ. ಅಮೆರಿಕದ ಲೆಕ್ಕದಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸಿ ಅಥವಾ ಡಿಗೆ ಬರುತ್ತಾರೆ. ಡಿ ಮಾತ್ರ ತೆಗೆದುಕೊಂಡರೆ ನೂರಕ್ಕೆ 10. ಅಂದರೆ ನಿಮ್ಮ ರಿಪೋರ್ಟಿನಲ್ಲಿ ಇರುವುದು ತೀರಾ ಸಾಮಾನ್ಯವಾದ ವಿಷಯ. ಕೈಯಲ್ಲಿ ಮುಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಗಟ್ಟಿ ಅನಿಸುವ ಎದೆ ಚಿತ್ರದಲ್ಲಿ ಪೂರ್ತಿ ಕೊಬ್ಬಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ತೊಂದರೆ ಎಲ್ಲಿ ಅಂದರೆ, ಗಡ್ಡೆಯೂ ಬಿಳಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಗುಂಡಿ ಬಿದ್ದರೆ ತಟ್ಟನೆ ಕಾಣುತ್ತದೆ. ಬಿಳಿ ಬಟ್ಟೆಯ ಮೇಲೆ ಬಿದ್ದರೆ ಹುಡುಕಬೇಕು. 'ಮರೆಯಾಗಿರಬಹುದು' ಅಂತ ಬರೆದದ್ದು ಇದಕ್ಕೆ. ನಿಮ್ಮಲ್ಲಿ ಏನೋ ಇದೆ ಅಂತ ಅನುಮಾನ ಬಂದು ಬರೆದ ಸಾಲಲ್ಲ ಅದು. ಸಿ, ಡಿ ಇರುವ ಎಲ್ಲರ ರಿಪೋರ್ಟಿನಲ್ಲೂ ಬರುತ್ತದೆ. ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ದಟ್ಟತೆಯ ವಿಷಯವನ್ನು ಪ್ರತಿ ಹೆಂಗಸಿಗೂ ತಿಳಿಸಲೇಬೇಕು ಅಂತ ನಿಯಮವೇ ಇದೆ. ಜೊತೆಗೆ ಇನ್ನೊಂದು ಮಾತು ಮುಚ್ಚಿಡಬಾರದು: ದಟ್ಟವಾಗಿದ್ದರೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಜಾಸ್ತಿ. ಡಿಯಲ್ಲಿ ಅದು ಹೆಚ್ಚು ಲೆಕ್ಕಕ್ಕೆ ಬರುತ್ತದೆ, ಸಿಯಲ್ಲಿ ಕಡಿಮೆ.

ಇನ್ನು ಆ ಮೂರು ದಾರಿ. ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾಕೆಂದರೆ ಒಂದೊಂದು ಯಂತ್ರ ಒಂದೊಂದನ್ನು ನೋಡುತ್ತದೆ.

ಮ್ಯಾಮೊಗ್ರಾಂ ಸುಣ್ಣದ ಚುಕ್ಕೆಗಳನ್ನು ನೋಡುತ್ತದೆ. ಉಪ್ಪಿನ ಹರಳಿಗಿಂತ ಸಣ್ಣವು. ಎಷ್ಟೋ ಚುಕ್ಕೆಗಳು ನಿರಪಾಯ. ಆದರೆ ಕೆಲವು ಒಂದೇ ಕಡೆ ಗುಂಪು ಕಟ್ಟಿಕೊಂಡು, ಒಂದಕ್ಕೊಂದು ಹೋಲದ ಆಕಾರದಲ್ಲಿ, ಹಾಲಿನ ನಾಳದ ದಾರಿ ಹಿಡಿದು ಸಾಲಾಗಿ ಇರುತ್ತವೆ. ಒಬ್ಬರ ಚಿತ್ರದಲ್ಲಿ ಅಂಥ ಒಂದು ಗುಂಪು ಇತ್ತು, ಅಷ್ಟೂ ಸೇರಿ ಒಂದು ಅಕ್ಕಿಕಾಳಿನ ಜಾಗದಲ್ಲಿ. ಅವರಿಗೆ ಗಂಟೂ ಇಲ್ಲ, ನೋವೂ ಇಲ್ಲ. ಅದೇ ದಿನ ಅಲ್ಟ್ರಾಸೌಂಡ್ ಮಾಡಿದರು. ಡಾಕ್ಟರ್ ಅದೇ ಜಾಗದ ಮೇಲೆ ಎಷ್ಟು ಸಲ ಪ್ರೋಬ್ ಆಡಿಸಿದರೂ ಪರದೆಯ ಮೇಲೆ ಏನೂ ಇಲ್ಲ. ಕೊನೆಗೆ ಮ್ಯಾಮೊಗ್ರಾಂ ನೋಡಿಕೊಂಡೇ ಸೂಜಿ ಹಾಕಿ ಬಯಾಪ್ಸಿ ಮಾಡಿದರು, ಅಂದರೆ ಚೂರು ಅಂಗಾಂಶ ತೆಗೆದು ಪರೀಕ್ಷೆಗೆ ಕಳಿಸಿದರು. ನಾಳದ ಒಳಗೇ ಇದ್ದ, ಹೊರಗೆ ಕಾಲಿಡದ ಹಂತದ ಕ್ಯಾನ್ಸರ್. ನಿಮ್ಮ ತಂಗಿ ಹೇಳಿದ ಹಾಗೆ ಬರೀ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುತ್ತಿದ್ದರೆ ಅದು ಸಿಗುತ್ತಿರಲಿಲ್ಲ. ನಾನು ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದು ಇದಕ್ಕೇ. ಅಲ್ಟ್ರಾಸೌಂಡ್ ಮ್ಯಾಮೊಗ್ರಾಂ ಜೊತೆಗೆ ಸೇರಿಸುವಂಥದ್ದು, ಅದರ ಜಾಗದಲ್ಲಿ ಕೂರಿಸುವಂಥದ್ದಲ್ಲ.

ಹಾಗಂತ ಅಲ್ಟ್ರಾಸೌಂಡ್ ಕಡಿಮೆಯದ್ದಲ್ಲ. ಅದಕ್ಕೆ ಬಿಳಿ ಮೇಲೆ ಬಿಳಿ ಅನ್ನುವ ತೊಂದರೆ ಇಲ್ಲ. ಗಡ್ಡೆ ಅದರಲ್ಲಿ ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. ಒಳಗೆ ನೀರು ತುಂಬಿದ ಗುಳ್ಳೆಯೋ, ಗಟ್ಟಿ ಗಂಟೋ ಅನ್ನುವುದನ್ನು ಅಷ್ಟು ಸಲೀಸಾಗಿ ಬೇರೆ ಯಾವುದೂ ಹೇಳಲ್ಲ. ದಟ್ಟ ಸ್ತನ ಇರುವವರಲ್ಲಿ ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್ ಸೇರಿಸಿದರೆ 1000 ಜನರಲ್ಲಿ ಸುಮಾರು 3ರಿಂದ 4 ಕ್ಯಾನ್ಸರ್ ಹೆಚ್ಚಿಗೆ ಸಿಗುತ್ತವೆ. ಜಪಾನಿನಲ್ಲಿ 40ರಿಂದ 49 ವರ್ಷದ 70 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದ್ದ ಕ್ಯಾನ್ಸರುಗಳಲ್ಲಿ ಬರೀ ಮ್ಯಾಮೊಗ್ರಾಂ ನೂರಕ್ಕೆ 77 ಹಿಡಿದಿತ್ತು, ಎರಡೂ ಸೇರಿ 91. ಆದರೆ ಸುಮ್ನೆ ಗಾಬರಿಪಟ್ಟವರ ಸಂಖ್ಯೆಯೂ ಏರಿತ್ತು. ಇನ್ನೊಂದು, ಅಲ್ಟ್ರಾಸೌಂಡ್ ಮಾಡುವವರ ಕೈ ಮತ್ತು ಕಣ್ಣಿನ ಮೇಲೆ ತುಂಬಾ ನಿಂತಿದೆ. ಪ್ರೋಬ್ ಹೋಗದ ಜಾಗ ಪರದೆಗೆ ಬರುವುದೇ ಇಲ್ಲ.

ಎಂಆರ್‌ಐ ನೋಡುವುದು ರಕ್ತದ ಓಟ. ಕೈಗೆ ಗ್ಯಾಡೋಲಿನಿಯಂ ಅನ್ನುವ ಔಷಧ ಚುಚ್ಚುತ್ತಾರೆ. ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಂಡಿರುತ್ತದಲ್ಲ, ಔಷಧ ಅಲ್ಲಿಗೆ ಬೇಗ ಹೋಗಿ ಆ ಜಾಗ ಹೊಳೆಯುತ್ತದೆ. ದಟ್ಟವೋ ಅಲ್ಲವೋ ಅದಕ್ಕೆ ದೊಡ್ಡ ಲೆಕ್ಕವಲ್ಲ. ನಿಮ್ಮ ಜೊತೆಯವರು ಹೇಳಿದ್ದು ಸುಳ್ಳಲ್ಲ, ಹಿಡಿಯುವುದರಲ್ಲಿ ಎಂಆರ್‌ಐ ಮುಂದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮ್ಯಾಮೊಗ್ರಾಂ ನಾರ್ಮಲ್ ಇದ್ದ, ಆದರೆ ಡಿ ಗುಂಪಿನ, 50ರಿಂದ 75 ವರ್ಷದ ಹೆಂಗಸರಲ್ಲಿ ಒಂದು ಗುಂಪನ್ನು ಎಂಆರ್‌ಐಗೆ ಕರೆದರು, ಇನ್ನೊಂದು ಗುಂಪನ್ನು ಕರೆಯಲಿಲ್ಲ. 2019ರಲ್ಲಿ ಫಲಿತಾಂಶ ಬಂತು. ಒಂದು ತಪಾಸಣೆಗೂ ಇನ್ನೊಂದಕ್ಕೂ ನಡುವೆ ತಾನಾಗಿ ಹೊರಬೀಳುವ ಕ್ಯಾನ್ಸರ್, ಕರೆಯದವರಲ್ಲಿ 1000ಕ್ಕೆ 5, ಕರೆದವರಲ್ಲಿ 2.5. ಅರ್ಧಕ್ಕರ್ಧ. ಆದರೆ ಗಮನಿಸಿ, ಅದು ಡಿ. ನಿಮ್ಮದು ಸಿ. ಎಂಆರ್‌ಐಯಲ್ಲಿ ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ, ಮುಟ್ಟಿನ ಹಾರ್ಮೋನಿಗೂ ಒಳಗಿನ ಅಂಗಾಂಶ ಹೊಳೆಯುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ, 3ಡಿ ಮ್ಯಾಮೊಗ್ರಾಂ. ಟೊಮೊ ಅನ್ನುತ್ತೇವೆ. ನಿಲ್ಲುವುದು, ಒತ್ತುವುದು ಎಲ್ಲ ಅದೇ. ಆದರೆ ಟ್ಯೂಬ್ ಕಮಾನಿನಂತೆ ಬಾಗಿ ಹೋಗುತ್ತಾ ಹಲವು ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅವನ್ನು ತೆಳು ಪದರಗಳಾಗಿ ಜೋಡಿಸುತ್ತದೆ. ಪುಸ್ತಕದ ಹಾಳೆ ತಿರುವಿದ ಹಾಗೆ ಒಂದೊಂದೇ ಪದರ ನೋಡಬಹುದು. ಒಂದರ ಮೇಲೊಂದು ಬಿದ್ದು ಗಂಟಿನಂತೆ ಕಂಡದ್ದು ಎಷ್ಟೋ ಸಲ ಪದರ ತಿರುವಿದಾಗ ಬಿಡಿಸಿಕೊಳ್ಳುತ್ತದೆ. ಸಿ ಇರುವವರು ಮುಂದಿನ ಸಲಕ್ಕೆ ಮೊದಲು ಕೇಳಬೇಕಾದ್ದು ಇದು ಅಂತ ನನ್ನ ಅಭಿಪ್ರಾಯ.

ಶಾಖದ ಕ್ಯಾಮೆರಾ ಬಿಟ್ಟುಬಿಡಿ. ಅದು ಮ್ಯಾಮೊಗ್ರಾಂಗೆ ಬದಲಿ ಅಲ್ಲ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಎಚ್ಚರಿಸಿದೆ.

ಈಗ ನನ್ನ ಒಂದು ಪ್ರಶ್ನೆ. ಅಮ್ಮನ ಕಡೆಯದ್ದು ಹೇಳಿದಿರಿ. ಅಪ್ಪನ ಕಡೆ? ಯಾರೂ ಅದನ್ನು ಹೇಳುವುದಿಲ್ಲ, ಕೇಳಿದರೆ ಮಾತ್ರ ನೆನಪಾಗುತ್ತದೆ. ಸ್ತನದ್ದು ಮಾತ್ರ ಅಲ್ಲ, ಅಂಡಾಶಯದ ಕ್ಯಾನ್ಸರ್ ಯಾರಿಗಾದರೂ ಬಂದಿತ್ತಾ? ಯಾವ ವಯಸ್ಸಿನಲ್ಲಿ? ಯಂತ್ರ ಆಮೇಲೆ ಆರಿಸೋಣ. ಮೊದಲು ಇದು ಬೇಕು.


ಹೊಂಗೆನೆರಳು

ಕತ್ತಲಕೋಣೆ ಅವರು ಎಲ್ಲ ಹೇಳಿದ್ದಾರೆ. ನಾನು ಆ 'ಸುಮ್ನೆ ಗಾಬರಿ' ಅಂದರೆ ಏನು ಅಂತ ಮಾತ್ರ ಬರೆಯುತ್ತೇನೆ.

ನನಗೂ ಸಿ. ಎರಡು ವರ್ಷದ ಹಿಂದೆ ಮ್ಯಾಮೊಗ್ರಾಂ ನಾರ್ಮಲ್ ಬಂದ ಮೇಲೂ ಮನಸ್ಸು ನಿಲ್ಲದೆ ಅಲ್ಟ್ರಾಸೌಂಡ್ ಮಾಡಿಸಿದೆ. 8 ಮಿಲಿಮೀಟರಿನ ಒಂದು ಗಂಟು ಕಂಡಿತು. ಬೈರ್‍ಯಾಡ್ಸ್ 4 ಅಂತ ಬರೆದರು. ಆ ನಂಬರ್ ನೋಡಿ ನಾನು ಕುಸಿದೆ. ಆಮೇಲೆ ತಿಳಿಯಿತು, 4 ಅನ್ನುವುದು ತುಂಬಾ ಅಗಲದ ಬುಟ್ಟಿ, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ 2ರಿಂದ 95ರ ತನಕ ಇರುವ ಎಲ್ಲವನ್ನೂ ಅದರಲ್ಲೇ ಹಾಕುತ್ತಾರೆ. ಅದನ್ನೇ 4ಎ, 4ಬಿ, 4ಸಿ ಅಂತ ಒಡೆಯುವುದೂ ಉಂಟು. ನನ್ನದು 4ಎ, ಅಂದರೆ ಕೆಳಗಿನ ತುದಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಯಾಪ್ಸಿ ಆಯಿತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಸ್ಟೇಪ್ಲರ್ ಒತ್ತಿದಂಥ ಟಕ್ ಸದ್ದು. ನೋವಿಗಿಂತ ಆ ಸದ್ದಿಗೇ ಬೆಚ್ಚಿದೆ. ಒಂದು ವಾರ ನೀಲಿಗಟ್ಟಿತ್ತು. ರಿಪೋರ್ಟಿಗೆ ಒಂಬತ್ತು ದಿನ ಕಾದೆ. ಆ ಒಂಬತ್ತು ದಿನ ಮಗಳ ಜಡೆ ಹಾಕುವಾಗ ಅವಳ ಬೆನ್ನ ಹಿಂದೆ ನಿಂತು ಅತ್ತಿದ್ದೇನೆ, ಅವಳಿಗೆ ಕಾಣಬಾರದು ಅಂತ. ಬಂದದ್ದು ಫೈಬ್ರೊಅಡಿನೋಮ, ಏನೂ ಮಾಡದ ಗಂಟು.

ಮಾಡಿಸಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆದರೆ ಹೋಗುವ ಮೊದಲು, ಏನಾದರೂ ಕಂಡರೆ ಅದು ಬಹುತೇಕ ಕ್ಯಾನ್ಸರ್ ಆಗಿರುವುದಿಲ್ಲ ಅಂತ ಯಾರಾದರೂ ಕೂರಿಸಿ ಹೇಳಿದ್ದರೆ ಆ ದಿನಗಳು ಬೇರೆ ಥರ ಇರುತ್ತಿದ್ದವು. ಮುಂಜಾವು, ನೀವು ಯಾವುದೇ ಹೆಚ್ಚಿನ ಪರೀಕ್ಷೆಗೆ ಹೋದರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ.


ಮುಂಜಾವು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಿಳಿ ಬಟ್ಟೆ, ಬಿಳಿ ಗುಂಡಿ ಓದಿದ ಮೇಲೆ ಮೊದಲ ಸಲ ಆ ಸಾಲು ಅರ್ಥ ಆಯಿತು. ಹೊಂಗೆನೆರಳು ಅಕ್ಕಾ, ಜಡೆಯ ಮಾತು ಓದಿ ಕಣ್ಣು ತುಂಬಿತು.

ಅಪ್ಪನ ಕಡೆ ನನಗೆ ಗೊತ್ತೇ ಇಲ್ಲ. ಅಪ್ಪನ ಅಮ್ಮ ನಾನು ಹುಟ್ಟುವ ಮೊದಲೇ ಹೋಗಿದ್ದರು. ಹೊಟ್ಟೆಯಲ್ಲಿ ನೀರು ತುಂಬಿತ್ತಂತೆ ಅಂತಷ್ಟೇ ಕೇಳಿದ್ದೆ. ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು ಕೇಳುತ್ತೇನೆ.

ಅಷ್ಟರಲ್ಲಿ ಒಂದು: ತಂಗಿ ವಿಕಿರಣದ ವಿಷಯ ಬಿಡುತ್ತಲೇ ಇಲ್ಲ. ಪ್ರತಿ ಸಲ ಎಕ್ಸ್‌ರೇ ಬಿದ್ದರೆ ಅದರಿಂದಲೇ ಕ್ಯಾನ್ಸರ್ ಬರಲ್ವಾ ಅನ್ನುತ್ತಾಳೆ. ಮತ್ತೆ ಅಷ್ಟು ಜೋರಾಗಿ ಒತ್ತುವುದು ಯಾಕೆ? ನನಗೆ ಬಲಗಡೆ ನಿಜವಾಗಿ ನೋವಾಯಿತು.


ಕತ್ತಲಕೋಣೆ

ಎರಡೂ ಕಡೆ ಎರಡೆರಡು ಚಿತ್ರ, ಒಟ್ಟು ನಾಲ್ಕು. ಅಷ್ಟಕ್ಕೂ ಸೇರಿ ಬೀಳುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮ್ಮ ಮೇಲೆ ತಾನಾಗಿ ಬೀಳುವ ವಿಕಿರಣ ಇದೆಯಲ್ಲ, ಅದರ ಏಳು ವಾರದ ಪಾಲಿನಷ್ಟು. ಸೊನ್ನೆ ಅಂತ ನಾನು ಹೇಳುವುದಿಲ್ಲ. ನಲವತ್ತು ದಾಟಿದವರಿಗೆ ಅದರಿಂದಾಗುವ ಲಾಭದ ಮುಂದೆ ಆ ಅಪಾಯ ತುಂಬಾ ಚಿಕ್ಕದು. ಚಿಕ್ಕ ವಯಸ್ಸಿನವರಿಗೆ ಲೆಕ್ಕ ಬೇರೆ, ಅದಕ್ಕೇ 30ರ ಒಳಗಿನವರಿಗೆ ಗಂಟು ಕಂಡರೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ.

ಒತ್ತುವುದಕ್ಕೆ ಕಾರಣ ಇದೆ. ಅಂಗಾಂಶ ತೆಳುವಾಗಿ ಹರಡಿದಷ್ಟೂ ಒಂದರ ಮೇಲೊಂದು ಕೂರುವುದು ಕಡಿಮೆ, ವಿಕಿರಣವೂ ಕಡಿಮೆ ಸಾಕು. ಅಲುಗಾಡಿದರೆ ಆ ಸುಣ್ಣದ ಚುಕ್ಕೆಗಳು ಮಸುಕಾಗುತ್ತವೆ. ಕೆಲವೇ ಸೆಕೆಂಡಿನ ಕೆಲಸ, ಚಿತ್ರ ಬಿದ್ದ ಕೂಡಲೇ ಹಲಗೆ ತಾನಾಗಿ ಮೇಲೇಳುತ್ತದೆ. ಆದರೆ ನಿಮಗೆ ತಡೆಯಲಾಗದಷ್ಟು ನೋವಾದರೆ ನಿಲ್ಲಿಸಿ ಅನ್ನಿ. ನಾನು ಒತ್ತುವ ಮೊದಲು ಪ್ರತಿಯೊಬ್ಬರಿಗೂ ಹೇಳುತ್ತೇನೆ, ನಿಮ್ಮ ಮಾತೇ ಕೊನೆ ಮಾತು ಅಂತ. ಮುಟ್ಟು ಮುಗಿದ ವಾರದಲ್ಲಿ ಹೋಗಿ. ಮುಟ್ಟಿಗೆ ಮುಂಚಿನ ವಾರ ಎದೆ ತುಂಬಿಕೊಂಡು ನೋಯುತ್ತಿರುತ್ತದೆ, ಆಗ ಬೇಡ.

ಆ ದಿನ ಕಂಕುಳಿಗೆ ಡಿಯೋಡರೆಂಟ್, ಪೌಡರ್ ಏನೂ ಹಾಕಬೇಡಿ. ಒಬ್ಬರ ಚಿತ್ರದಲ್ಲಿ ಕಂಕುಳ ಹತ್ತಿರ ಬಿಳಿ ಚುಕ್ಕೆಗಳ ರಾಶಿಯೇ ಇತ್ತು. ನನ್ನ ಎದೆ ಒಂದು ಕ್ಷಣ ಝಲ್ ಅಂದಿತು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ ಅಂತ ಹೇಳಿ ಮತ್ತೆ ತೆಗೆದೆ. ಒಂದು ಚುಕ್ಕೆಯೂ ಇಲ್ಲ. ಡಿಯೋಡರೆಂಟಿನಲ್ಲಿರುವ ಅಲ್ಯೂಮಿನಿಯಂ ಸುಣ್ಣದ ಥರವೇ ಕಾಣುತ್ತದೆ.

ಮತ್ತೆ ಈ ಸಲದ ಸಿಡಿ ಜೋಪಾನ ಮಾಡಿ. ಮುಂದಿನ ಸಲ ಬೇರೆ ಕಡೆ ಹೋದರೂ ತೆಗೆದುಕೊಂಡು ಹೋಗಿ. ಹಳೆ ಚಿತ್ರ ಪಕ್ಕದಲ್ಲಿದ್ದರೆ ಎಷ್ಟೋ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಮೊದಲ ಮ್ಯಾಮೊಗ್ರಾಂ ಆದವರನ್ನು ಮತ್ತೆ ಕರೆಯುವುದು ಜಾಸ್ತಿ, ಹೋಲಿಸಲು ಹಳೆಯದು ಇಲ್ಲದಿರುವುದು ಅದಕ್ಕೆ ಒಂದು ಕಾರಣ.


ಕಾಡುಮಲ್ಲಿ

ಈ ಮಾತುಕತೆಯಲ್ಲಿ ಒಂದು ವಿಷಯ ಸೇರಲೇಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಕ್ಕನಿಗೆ ಮ್ಯಾಮೊಗ್ರಾಂ ನಾರ್ಮಲ್ ಬಂದು ಐದು ತಿಂಗಳಾಗಿತ್ತು. ಸ್ನಾನ ಮಾಡುವಾಗ ಎಡಗಡೆ ಕೈಗೆ ಗಂಟು ಸಿಕ್ಕಿತು. ತೋರಿಸಲು ಹೋದಳು. ರಿಪೋರ್ಟ್ ನಾರ್ಮಲ್ ಇದೆಯಲ್ಲ, ಮುಂದಿನ ಸಲದ ತಪಾಸಣೆಗೆ ಬನ್ನಿ ಅಂತ ವಾಪಸ್ ಕಳಿಸಿದರು. ಅವಳೂ ನಂಬಿದಳು, ನಾವೂ ನಂಬಿದೆವು. ನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ಗಂಟಿನ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಬೇರೆ ಕಡೆ ಅಲ್ಟ್ರಾಸೌಂಡ್ ಮಾಡಿದಾಗ ಅದೇ ಜಾಗದಲ್ಲಿ 2 ಸೆಂಟಿಮೀಟರ್ ದಾಟಿದ ಗಡ್ಡೆ. ಮ್ಯಾಮೊಗ್ರಾಂನಲ್ಲಿ ಆಗಲೂ ಸರಿಯಾಗಿ ಕಾಣಲಿಲ್ಲ. ಅವಳದ್ದು ಲೋಬ್ಯುಲರ್ ಅನ್ನುವ ಜಾತಿ. ಅದು ಉಂಡೆ ಕಟ್ಟದೆ ಎಳೆ ಎಳೆಯಾಗಿ ಹರಡುತ್ತದೆ, ಅದಕ್ಕೇ ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ ಅಂತ ಆಮೇಲೆ ಹೇಳಿದರು.

ಚಿಕಿತ್ಸೆ ಮುಗಿದಿದೆ, ಅಕ್ಕ ಇದ್ದಾಳೆ. ಆದರೆ ಆ ನಾಲ್ಕು ತಿಂಗಳು ನನ್ನನ್ನು ಬಿಡುವುದಿಲ್ಲ. ದಯವಿಟ್ಟು ಇಷ್ಟು ತಿಳಿದುಕೊಳ್ಳಿ. ಏನೂ ಇಲ್ಲದಾಗ ಮಾಡಿಸುವ ತಪಾಸಣೆ ಬೇರೆ. ಗಂಟು, ಚರ್ಮದ ಗುಳಿ, ತೊಟ್ಟು ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ, ಇಂಥದ್ದೇನಾದರೂ ಇದ್ದಾಗ ಮಾಡುವ ಪರೀಕ್ಷೆ ಬೇರೆ. ಎರಡನೆಯದಕ್ಕೆ ಹೋದಾಗ ಗಂಟು ಇರುವ ಜಾಗ ಬೆರಳಿಟ್ಟು ತೋರಿಸಿ, ಅಲ್ಲಿಗೇ ಅಲ್ಟ್ರಾಸೌಂಡ್ ಮಾಡಿ ಅಂತ ಕೇಳಿ. ಹಳೆಯ ನಾರ್ಮಲ್ ರಿಪೋರ್ಟ್ ಹೊಸ ಗಂಟಿಗೆ ಉತ್ತರ ಅಲ್ಲ.


ಕತ್ತಲಕೋಣೆ

ಕಾಡುಮಲ್ಲಿ ಅವರೇ, ನೀವು ಬರೆದದ್ದು ನಾನು ಮೊದಲೇ ಬರೆಯಬೇಕಿತ್ತು. ಪ್ರತಿ ಅಕ್ಷರ ನಿಜ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.


ನೀರಹಕ್ಕಿ

ನನಗೆ 36. ಬಿಆರ್‌ಸಿಎ1 ಜೀನಿನಲ್ಲಿ ದೋಷ ಇದೆ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ತುಂಬಾ ಹೆಚ್ಚಿಸುವಂಥದ್ದು. ಅಮ್ಮನಿಗೆ 41ಕ್ಕೆ ಕ್ಯಾನ್ಸರ್ ಬಂದಿತ್ತು. ನನಗೆ ಪ್ರತಿ ವರ್ಷ ಎಂಆರ್‌ಐ, ಆರು ತಿಂಗಳ ಅಂತರದಲ್ಲಿ ಮ್ಯಾಮೊಗ್ರಾಂ. ಎಂಆರ್‌ಐ ನಿಜವಾಗಿ ಬೇಕಾದವರು ನನ್ನಂಥವರು: ಜೀನಿನ ದೋಷ ಇರುವವರು, ಚಿಕ್ಕ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಚಿಕಿತ್ಸೆ ಆದವರು, ಜೀವಮಾನದ ಅಪಾಯ ನೂರಕ್ಕೆ 20 ದಾಟಿದವರು. ಆ ಲೆಕ್ಕ ಹಾಕಲು ಟೈರರ್-ಕ್ಯೂಸಿಕ್ ಅನ್ನುವ ಒಂದು ಮಾದರಿ ಇದೆ. ಮನೆಯವರ ಕಾಯಿಲೆ, ಮುಟ್ಟು ಶುರುವಾದ ವಯಸ್ಸು, ಹೆರಿಗೆ, ದಟ್ಟತೆ ಎಲ್ಲ ಕೇಳುತ್ತದೆ. ಡಾಕ್ಟರ್ ಜೊತೆ ಕೂತು ತುಂಬಿಸಿ.

ಎಂಆರ್‌ಐ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಬೋರಲು ಮಲಗಬೇಕು. ಹಲಗೆಯಲ್ಲಿ ಎರಡು ತೂತು ಇರುತ್ತವೆ, ಎದೆ ಅದರೊಳಗೆ ಇಳಿಯುತ್ತದೆ. ಕೈ ಎರಡೂ ತಲೆಯ ಮುಂದಕ್ಕೆ. ಅರ್ಧ ಗಂಟೆ ಅಲುಗಾಡುವಂತಿಲ್ಲ. ಬಾಗಿಲು ಬಡಿದಂಥ ಸದ್ದು ನಡೆಯುತ್ತಲೇ ಇರುತ್ತದೆ, ಕಿವಿಗೆ ಮುಚ್ಚಳ ಕೊಡುತ್ತಾರೆ. ಔಷಧ ಬಿಟ್ಟಾಗ ಮೊಣಕೈಯಿಂದ ಮೇಲಕ್ಕೆ ತಣ್ಣಗೆ ಏನೋ ಹರಿದಂತೆ ಆಗುತ್ತದೆ. ನಾನು ಉಸಿರು ಎಣಿಸುತ್ತೇನೆ. ಮುಟ್ಟು ಶುರುವಾದ 7ರಿಂದ 14ನೇ ದಿನದೊಳಗೆ ದಿನ ಗೊತ್ತು ಮಾಡುತ್ತಾರೆ, ಆಗ ಸುಮ್ನೆ ಹೊಳೆಯುವುದು ಕಡಿಮೆ. ಕಿಡ್ನಿ ತೊಂದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.


ಮುಂಜಾವು

ಹತ್ತು ದಿನ ಆಯಿತು, ಬಂದು ಹೇಳುತ್ತೇನೆ ಅಂದಿದ್ದೆ.

ಅತ್ತೆಗೆ ಫೋನ್ ಮಾಡಿದೆ. ಮೊದಲು ಮಾತು ತೇಲಿಸಿದರು. ಆಮೇಲೆ ತುಂಬಾ ಹೊತ್ತು ಮಾತಾಡಿದರು. ಅಜ್ಜಿ ಹೋದದ್ದು 51ಕ್ಕೆ, ಅಂಡಾಶಯದ ಕ್ಯಾನ್ಸರಿನಿಂದ. ಹೊಟ್ಟೆಯಲ್ಲಿ ನೀರು ಅಂತ ಮಕ್ಕಳಿಗೆ ಹೇಳಿದ್ದು ಅಷ್ಟೇ. ಅಜ್ಜಿಯ ತಂಗಿಯೊಬ್ಬರಿಗೆ 39ಕ್ಕೇ ಸ್ತನದ್ದು. ಅತ್ತೆಗೆ ಇದೆಲ್ಲ ಗೊತ್ತಿತ್ತು. ಹೆಣ್ಣುಮಕ್ಕಳ ಮದುವೆಗೆ ತೊಡಕಾಗುತ್ತದೆ ಅಂತ ಮನೆಯಲ್ಲಿ ಯಾರೂ ಆಡಲಿಲ್ಲವಂತೆ.

ಎಲ್ಲ ಬರೆದುಕೊಂಡು ಡಾಕ್ಟರ್ ಹತ್ತಿರ ಹೋದೆ. ದೊಡ್ಡಮ್ಮನ ಮಾತು ಅವರು ಅಷ್ಟು ಹಿಡಿಯಲಿಲ್ಲ. ಅಜ್ಜಿಯ ವಿಷಯ ಹೇಳುತ್ತಿದ್ದಂತೆ ಪೆನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಸಿ ಅನ್ನುವುದಕ್ಕಿಂತ ಇದು ದೊಡ್ಡದು ಅಂದರು. ನೀರಹಕ್ಕಿ ಹೇಳಿದಂಥ ಜೀನಿನ ದೋಷ ಗಂಡಸರ ಮೂಲಕವೂ ಬರುತ್ತದೆ, ಅಪ್ಪನಲ್ಲಿದ್ದರೆ ನನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಮೊದಲು ಜೆನೆಟಿಕ್ ಕೌನ್ಸೆಲಿಂಗ್, ಅಪ್ಪನ ರಕ್ತ ಪರೀಕ್ಷೆ. ಅದರಲ್ಲಿ ದೋಷ ಸಿಕ್ಕಿದರೆ ನನಗೂ ಪರೀಕ್ಷೆ, ನನ್ನಲ್ಲೂ ಇದ್ದರೆ ನೀರಹಕ್ಕಿ ಹೇಳಿದ ಹಾಗೆ ಎಂಆರ್‌ಐ. ಸಿಗದಿದ್ದರೆ ಅಪಾಯದ ಲೆಕ್ಕ ಮತ್ತೆ ಹಾಕೋಣ, ಆಗ ಮುಂದಿನ ಸಲ 3ಡಿ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಬೇಕೋ ಬೇಡವೋ ಆಮೇಲೆ ನೋಡೋಣ ಅಂದರು.

ಅಪ್ಪನಿಗೆ 71. ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದೆ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮನಿಗೆ ಏನಾಗಿತ್ತು ಅಂತ ನನಗೆ ಇವತ್ತು ಗೊತ್ತಾಯಿತು' ಅಂದರು. ಆಮೇಲೆ ಅಂಗಿಯ ತೋಳು ಮಡಿಸಿ, ರಕ್ತ ಯಾವಾಗ ಕೊಡಬೇಕು ಅಂತ ಕೇಳಿದರು. ಮಂಗಳವಾರ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತಾರೆ, ಅವರ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು.